ಒದ್ದೆ ಸೊಪ್ಪಿನ ತಪ್ಪಲ್ಲ

ಕೊಳ್ಳೇಗಾಲ
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಪ್ರಭು ಅವರಿಗೆ, ಮಾಲಿನಿಯ ನಮಸ್ಕಾರ.

ಫೋನಿನಲ್ಲಾದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳವಾರ ನಿಮ್ಮ ಅಮ್ಮ ನಮ್ಮ ರೇಷ್ಮೆ ಲ್ಯಾಬಿಗೆ ಬಂದಿದ್ದರು. ನಿಮಗೆ ಹೇಳಿರಲಾರರು. ಹೊನ್ನೂರಿನಿಂದ ಒಬ್ಬರೇ, ಟಿಫನ್ ಡಬ್ಬಿಯಲ್ಲಿ ಆರು ಹುಳು ಇಟ್ಟುಕೊಂಡು. ಪಕ್ಕದ ಮನೆಯ ಚನ್ನಾಜಮ್ಮನವಂತೆ, ಸೊಪ್ಪು ತಿನ್ನುವುದನ್ನೇ ಬಿಟ್ಟಿವೆಯಂತೆ. ಒಂದರ ಕಾಲು ಕತ್ತರಿಸಿ, ಹನಿ ರಕ್ತವನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಸುಣ್ಣಕಟ್ಟು ರೋಗ. ಬೂಷ್ಟು ಚರ್ಮದಿಂದಲೇ ಒಳಗಿಳಿಯುತ್ತದೆ, ಮೊದಲು ರಕ್ತದ ಕಣಗಳು ಹೆಚ್ಚಿ ಅದರ ಜೊತೆ ಹೋರಾಡುತ್ತವೆ, ಆಮೇಲೆ ಕಣಗಳೂ ಸಕ್ಕರೆಯೂ ಇಳಿದು ಹುಳು ಸೋಲುತ್ತದೆ, ಸತ್ತ ಮೇಲೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ ಎಂದು ವಿವರಿಸಿದೆ.

ಅತ್ತೆ ಬಹಳ ಹೊತ್ತು ನೋಡಿದರು. "ಎಷ್ಟು ದಿನ ವದ್ದಾಡ್ತದವ್ವ ಇದು?" ಎಂದರು. ನಾಲ್ಕೈದು ದಿನ ಎಂದೆ.

"ನಮ್ಮವೂ ಇಂಗೇ ವದ್ದಾಡ್ದೊ ಏನೋ. ನಾನು ಒದ್ದೆ ಸೊಪ್ಪು ಆಕಬಾರ್ದಿತ್ತು. ಅವತ್ತಿಂದ ಉಳುಮನೆ ಒಸ್ಲು ದಾಟಿಲ್ಲ ಕಣವ್ವ. ಅವನೂ ಬಾ ಅಂದಿಲ್ಲ."

ಪ್ರಭು, ತೇವಕ್ಕೆ ಬೂಷ್ಟು ಬೇಗ ಹಬ್ಬುತ್ತದೆ, ನಿಜ. ಆದರೆ ಅದನ್ನು ಮನೆಗೆ ತಂದವಳು ನಾನು. ಕಳೆದ ನವೆಂಬರಿನ ಆ ಶನಿವಾರ ದಿನವಿಡೀ ಲ್ಯಾಬಿನಲ್ಲಿ ಸುಣ್ಣಕಟ್ಟಿದ ಹುಳುಗಳನ್ನೇ ಮುಟ್ಟಿದ್ದೆ. ವಾರಕ್ಕೊಮ್ಮೆ ಬರುವವಳು, ಬಸ್ಸಿಳಿದು ಸ್ನಾನ ಮಾಡಿ ಸೀರೆ ಬದಲಿಸಿಯೇ ಒಳಗೆ ಬರುತ್ತಿದ್ದೆ. ಅವತ್ತು ನೀವು ಹುಳುಮನೆಯ ಬಾಗಿಲಲ್ಲಿ ನಿಂತು, "ಬಾ, ಪೊರೆ ಬುಟ್ಟು ಎಂಗೆ ಎದ್ದವೆ ನೋಡು" ಎಂದಿರಿ. ನಿಮ್ಮನ್ನು ನೋಡಿದ್ದೇ ಎಲ್ಲ ಮರೆತೆ. ನೇರ ಬಂದು ನಿಮ್ಮ ಪಕ್ಕ ನಿಂತು ಸೊಪ್ಪು ಹರಡಿದೆ.

ಮುಂದಿನ ಶನಿವಾರ ನಾನು ಬರುವಷ್ಟರಲ್ಲಿ ಅವೂ ಸುಣ್ಣಕಟ್ಟಿದ್ದವು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳನ್ನು ನೀವು ಹಿತ್ತಲಲ್ಲಿ ಸುಟ್ಟಿರಿ. ಒದ್ದೆ ಸೊಪ್ಪು ಹಾಕಿದ್ದಕ್ಕೇ ಹೀಗಾಯಿತೆಂದು ಅತ್ತೆಯನ್ನು ಬೈದಾಗ ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಡಲಿಲ್ಲ. ಆಮೇಲೆ ನಿಮ್ಮೆದುರು ನಿಲ್ಲಲು ಮುಖವಿಲ್ಲದೆ ಇಲ್ಲೇ ಉಳಿದೆ.

ನಮ್ಮೂರಿನ ಕಡೆ ಹೋಗುವ ಯಳಂದೂರಿನ ಬಸ್ಸು ಸಂಜೆ ನನ್ನ ಕೋಣೆಯ ಮುಂದೆಯೇ ಹೋಗುತ್ತದೆ, ಒಂದು ಗಂಟೆಯ ದಾರಿ. ಹುಳು ಮೇಯುವ ಸದ್ದು ಕೇಳುತ್ತ ನಾವಿಬ್ಬರೂ ಮಾತಿಲ್ಲದೆ ಕೂತಿರುತ್ತಿದ್ದೆವಲ್ಲ, ಮಳೆ ಹನಿದಂತೆ ಕೇಳುತ್ತಿತ್ತು. ಲ್ಯಾಬಿನಲ್ಲಿರುವ ನೂರು ಹುಳುಗಳಿಂದ ಸದ್ದೇ ಬರುವುದಿಲ್ಲ. ಕೆಲವು ಸಲ ತಟ್ಟೆಗೆ ಕಿವಿಯಿಟ್ಟು ನೋಡುತ್ತೇನೆ.

ಮಂಗಳವಾರ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡರು. "ಅವನ್ಗೆ ನೀನೇ ಯೋಳು. ನಾನು ಯೋಳಾಕಿಲ್ಲ" ಎಂದು ಬಸ್ಸು ಹತ್ತಿದರು.

ನನ್ನ ಮೇಲೆ ಎಷ್ಟಾದರೂ ಕೋಪ ಮಾಡಿಕೊಳ್ಳಿ. ಮೊದಲು ಅವರನ್ನು ಹುಳುಮನೆಗೆ ಕರೆಯಿರಿ.

ನಿಮ್ಮ
ಮಾಲಿನಿ

ತಾ.ಕ.: ರಜೆ ಸಿಗುತ್ತಿಲ್ಲ ಎಂದು ಹಬ್ಬಹಬ್ಬಕ್ಕೂ ಫೋನಿನಲ್ಲಿ ಹೇಳಿದೆನಲ್ಲ, ಅದೂ ಸುಳ್ಳು. ಹತ್ತು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ. ಇವತ್ತು ಕೇಳಿದೆ. ಸೋಮವಾರದಿಂದ ಎಂಟು ದಿನ ಕೊಟ್ಟರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಮನೆಗೆ ಎಂದುಬಿಟ್ಟೆ. ಬರಲೇ?