ಆಮೆಯ ದನಿ

ಬುಧವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಈ ಕಾಗದ ಬಂದಾಗ ಅಪ್ಪ ಎದುರಿಗಿದ್ದರೆ ಮಡಿಚಿಟ್ಟುಕೋ, ಮಧ್ಯಾಹ್ನ ಅವರು ಮಲಗಿದಾಗ ಓದು. ಫೋನ್ ಮಾಡಬಾರದಿತ್ತಾ ಅಂತ ಬೈಯಬೇಡ. ಎರಡು ಸಲ ಮಾಡಿದೆ, ಎರಡು ಸಲವೂ ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ.

ನಮ್ಮ ಆಮೆಯ ಕಾರ್ಟೂನ್ ಸಿನಿಮಾ ಬರುವುದಿಲ್ಲ ಅಕ್ಕಾ. ಮುಂದಕ್ಕೆ ಹೋಗಿದೆ ಅಂತಲ್ಲ, ಯಾವತ್ತೂ ಬರುವುದಿಲ್ಲ.

ಸೋಮವಾರ ಹತ್ತು ಗಂಟೆಗೆ ದೊಡ್ಡವರು ನಮ್ಮ ನಾಲ್ವರನ್ನೂ ಮೇಲಿನ ಕೋಣೆಗೆ ಕರೆದರು. ದೊಡ್ಡವರೆಂದರೆ ಸ್ಟುಡಿಯೊ ಕಟ್ಟಿದವರು. ಅಪ್ಪನ ಆಪರೇಷನ್ ದಿನ ಆಸ್ಪತ್ರೆಗೆ ಬಂದು ಮೂಲೆಯಲ್ಲಿ ಕೂತಿದ್ದರಲ್ಲ, ಅವರೇ. ನಾಲ್ವರೆಂದರೆ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವರು, ಆಡಳಿತದ ಮೇಡಂ, ಧ್ವನಿ ವಿಭಾಗದ ಮೇಷ್ಟ್ರು, ನಿರ್ದೇಶಕಿ ಅಂತ ನಾನು. ಇಲ್ಲಿ ಏನೇ ತೀರ್ಮಾನವಾದರೂ ನಾವು ಐದು ಜನ ಸೇರಿಯೇ ಆಗಬೇಕು. ಕೆಲಸ ಮುಗಿಯಲು ಇನ್ನು ಹತ್ತೊಂಬತ್ತು ದಿನ ಅಂತ ಬೋರ್ಡಿನ ಮೇಲೆ ಬರೆದಿತ್ತು. ಪೋಸ್ಟರ್ ಆರಿಸಲು ಕರೆದಿದ್ದಾರೆ ಅಂದುಕೊಂಡು ನಾನು ಮೂರು ಪೋಸ್ಟರ್ ಸುತ್ತಿಕೊಂಡು ಹೋಗಿದ್ದೆ.

ದೊಡ್ಡವರು ಕೂರಲಿಲ್ಲ. ಸಿನಿಮಾ ಕೊಂಡ ಕಂಪನಿಯ ಪತ್ರವನ್ನು ನಿಂತೇ ಓದಿದರು. ಅವರದೇ ಇನ್ನೊಂದು ದೊಡ್ಡ ಸಿನಿಮಾ ಬರುತ್ತದಂತೆ, ಅದರಲ್ಲೂ ನಮ್ಮ ಆಮೆಯ ಹಾಗೆ ಮನೆಮನೆಗೆ ಕಾಗದ ಹಂಚುವ ಪ್ರಾಣಿಯೇ ನಾಯಕ. ಅದಕ್ಕೇ ನಮ್ಮದನ್ನು ತೋರಿಸುವುದಿಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಪೂರ್ತಿ ಅಳಿಸಬೇಕು, ಒಂದು ಪ್ರತಿಯೂ ಎಲ್ಲೂ ಉಳಿಯಕೂಡದು. ಒಪ್ಪಿದರೆ ಮುಂದಿನ ಎರಡು ಸಿನಿಮಾ ನಮಗೆ. ಒಪ್ಪದಿದ್ದರೆ ಕೋರ್ಟು, ತಿಂಗಳ ಕೊನೆಗೆ ಸ್ಟುಡಿಯೊಗೆ ಬೀಗ.

ಕಂಪ್ಯೂಟರಿನವರು ತಮಾಷೆ ಅಂದುಕೊಂಡು ನಕ್ಕರು. ಬೇರೆ ಯಾರೂ ನಗದಿದ್ದಾಗ ಆ ನಗುವನ್ನು ಏನು ಮಾಡಬೇಕೆಂದು ತಿಳಿಯದೆ ಮುಖದ ಮೇಲೆ ಹಾಗೇ ಇಟ್ಟುಕೊಂಡು ಕೂತರು. ನಾಲ್ಕು ವರ್ಷ ಸಾಕಿ ಈಗ ನಾವೇ ಕತ್ತು ಹಿಸುಕಬೇಕಾ ಅಂದರು ಮೇಷ್ಟ್ರು. ಮೇಡಂ ತಲೆ ಎತ್ತದೆ, "ಕೆಳಗೆ ನೂರ ನಲವತ್ತು ಜನ ಇದ್ದಾರೆ. ನಾಳೆಯಿಂದ ಬರಬೇಡಿ ಅಂತ ನೀವು ಹೋಗಿ ಹೇಳ್ತೀರಾ?" ಎಂದರು. ಅಳಿಸಲು ಒಪ್ಪುವವರು ಕೈ ಎತ್ತಿ ಅಂದರು ದೊಡ್ಡವರು. ಮೂರು ಕೈ ಮೇಲೆದ್ದವು, ಎರಡು ಏಳಲಿಲ್ಲ. ಹತ್ತು ನಿಮಿಷದೊಳಗೆ ಎಲ್ಲರ ಸಹಿಯೂ ಆಯಿತು.

ಆಮೇಲೆ ನಾನು ಮೆಟ್ಟಿಲಿಳಿದು ಬಂದೆ. ಬಣ್ಣದ ವಿಭಾಗದವಳು ತಡೆದು, ಆಮೆಯ ಚಿಪ್ಪಿನ ಮೇಲಿನ ಪಾಚಿ ಸರಿಯಾಗಿದೆಯಾ ಅಂತ ಕೇಳಿದಳು. ನಾನು ಬಗ್ಗಿ ನೋಡಿ, ಅಂಚಿನಲ್ಲಿ ಹಸಿರು ಸ್ವಲ್ಪ ಕಮ್ಮಿ ಮಾಡು ಅಂದೆ. ಅವಳು ಮಾಡಿದಳು. ಈಗ ಚೆನ್ನಾಗಿದೆ ಅಂದೆ. ಅಕ್ಕಾ, ಅದನ್ನು ಹೇಳಿದ ಬಾಯಿ ನನ್ನದೇನಾ ಅಂತ ಇನ್ನೂ ನಂಬಿಕೆ ಬರುತ್ತಿಲ್ಲ. ಒಂದು ಗಂಟೆಯ ನಂತರ ಎಲ್ಲರನ್ನೂ ಸೇರಿಸಿ ಹೇಳಿದಾಗ ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನೇ ನೋಡುತ್ತಾ ನಿಂತಳು.

ಆ ಆಮೆ ಅಪ್ಪ. ಮೂವತ್ತು ವರ್ಷ ಒಂದು ಕಾಗದವನ್ನೂ ತಡವಾಗಿ ಕೊಟ್ಟವನಲ್ಲ ನಾನು, ನನ್ನನ್ನು ಹಿಡಿದು ಆಮೆ ಮಾಡಿದ್ದೀಯಲ್ಲೇ ಮೊಂಡಿ ಅಂತ ಎಷ್ಟು ರೇಗಿದ್ದರು. ಗಂಟಲಿನ ಆಪರೇಷನ್‌ಗೆ ಹನ್ನೊಂದು ದಿನ ಮೊದಲು ಸ್ಟುಡಿಯೊಗೆ ಬಂದು, ನೋವು ನುಂಗಿಕೊಂಡು, ಎರಡು ದಿನದಲ್ಲಿ ಆಮೆಯ ಅಷ್ಟೂ ಮಾತು ಆಡಿ ಮುಗಿಸಿಕೊಟ್ಟರು. ದನಿಪೆಟ್ಟಿಗೆ ತೆಗೆದ ಮೇಲೆ ಅವರ ಮಾತೆಲ್ಲ ನೋಟ್‌ಬುಕ್ಕಿನಲ್ಲಿ. ಮನೆಯ ವಿಡಿಯೊಗಳಲ್ಲಿ ಕ್ಯಾಮೆರಾ ಹಿಡಿದವರು ಯಾವಾಗಲೂ ಅವರೇ, "ಹ್ಞಾಂ, ನಗಿ" ಬಿಟ್ಟರೆ ಬೇರೆ ಮಾತಿಲ್ಲ. ನಿನ್ನ ಮಗಳು ಹುಟ್ಟಿದ್ದು ಆಮೇಲೆ. ತಾತ ಮಾತಾಡುವುದನ್ನು ಸಿನಿಮಾದಲ್ಲಿ ಕೇಳುವೆಯಂತೆ ಅಂತ ಅವಳಿಗೆ ನಾವೆಲ್ಲ ಹೇಳುತ್ತಲೇ ಬಂದಿದ್ದೇವೆ.

ಮೂರನೆಯ ಕೈ ನನ್ನದು. ದೊಡ್ಡವರದು, ಮೇಡಂ ಅವರದು ಎದ್ದಿದ್ದವು. ಎಲ್ಲರೂ ನನ್ನ ಕಡೆ ನೋಡಿದರು. ಆಗ ನನಗೆ ಕಂಡದ್ದು ಕೆಳಗಿನ ನೂರ ನಲವತ್ತು ಮುಖಗಳು, ಅಪ್ಪನದಲ್ಲ. ಅಪ್ಪ ನೆನಪಾದದ್ದು ಕೈ ಇಳಿಸಿದ ಮೇಲೆ. ಮುಂಚೆ ನೆನಪಾಗಿದ್ದರೆ ಏನು ಮಾಡುತ್ತಿದ್ದೆನೋ, ಎದೆ ಮುಟ್ಟಿ ಹೇಳಲಾರೆ.

ನೀನು ಅವರಿಗೆ ಏನೂ ಹೇಳಬೇಡ. ಭಾನುವಾರ ಬಂದು ನಾನೇ ಹೇಳುತ್ತೇನೆ. ನೀನು ಪಕ್ಕದಲ್ಲಿರು, ಅಷ್ಟು ಸಾಕು.

ನಿನ್ನ ತಂಗಿ,
ಮೊಂಡಿ

ತಾ.ಕ.: ಧ್ವನಿಯ ಕಡತಗಳನ್ನು ಅಳಿಸಬೇಕಾಗಿದ್ದವರು ಮೇಷ್ಟ್ರು. ಅವರು ಧ್ವನಿ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ಹೋದರು. ನಿನ್ನೆ ಮಧ್ಯಾಹ್ನ ಆ ಕೆಲಸ ಮಾಡಿದವಳು ನಾನು. ಮೊದಲು ಅಪ್ಪನದನ್ನೆಲ್ಲ ಕೂತು ಕೇಳಿದೆ. ಎರಡನೆಯ ದಿನದ ಕೊನೆಗೆ, ಎಲ್ಲರೂ ಹೊರಗೆ ಹೋದ ಮೇಲೂ ಮೈಕು ಚಾಲೂ ಇತ್ತು. ಅಪ್ಪ ಒಬ್ಬರೇ ಕೂತು ನಿನ್ನ ಹೆಸರು ಕರೆದಿದ್ದಾರೆ, ಆಮೇಲೆ ನನ್ನದು. ಊಟಕ್ಕೆ ಕರೆಯುವ ಹಾಗೆ, ಒಂದೊಂದು ಹೆಸರನ್ನು ಎರಡೆರಡು ಸಲ. ನನ್ನ ಫೋನು ಕೈಯಲ್ಲೇ ಇತ್ತು, ಅದರಲ್ಲಿ ಹಿಡಿದಿಟ್ಟುಕೊಳ್ಳಲು ಅರ್ಧ ನಿಮಿಷ ಸಾಕಿತ್ತು. ಒಂದು ಪ್ರತಿಯೂ ಉಳಿಯಕೂಡದು ಅಂತ ಸಹಿ ಹಾಕಿದ್ದೆನಲ್ಲ. ಕೇಳಿದ ಮೇಲೂ ಅಳಿಸಿದೆ.