ಮಳೆ ಕೇಳಿದ ಮೇ ತಿಂಗಳು

ಮೇ 3, ಭಾನುವಾರ

ಪಿಯೆರೋಗಿ ಕಡುಬು ಮಡಿಚಿ, ಬಟ್ಟೆ ಮುಚ್ಚಿಟ್ಟು, ಪೋಲೆಂಡಿನ ರಾಣಿ ದೇವಮಾತೆಯ ಹಬ್ಬದ ಪೂಜೆಗೆ ಹೋಗಿಬಂದೆ. ಮಧ್ಯಾಹ್ನ ಸ್ಟೇಡಿಯಮ್ಮಿನ ಕಡೆಯಿಂದ ಸ್ಪೀಡ್‌ವೇ ರೇಸಿನ ಬೈಕುಗಳ ಸದ್ದು. ಸಂಜೆ ನನ್ನ ಗಂಡ ಝೆನೆಕ್ ಬಂದ. ಕಿವಿಯೊಳಗೆಲ್ಲ ಕೆಂಪು ಧೂಳು. 41–49. ನಮ್ಮೂರಲ್ಲೇ ಸೋತಿದ್ದೇವೆ.

ಊಟ ಅರ್ಧಕ್ಕೆ ಬಿಟ್ಟ. ಪಿಯೆರೋಗಿ ಬಿಟ್ಟವನಲ್ಲ. ಕೆದಕಿ ಕೇಳಿದ ಮೇಲೆ ಹೇಳಿದ — ಕ್ಲಬ್ಬಿನ ಅಧ್ಯಕ್ಷ ಗೊರಾಲ್ಸ್ಕಿ ಎಲ್ಲರೆದುರು ಅಂದರಂತೆ: "ನಮ್ಮ ಟ್ರ್ಯಾಕು ನಮ್ಮ ಹುಡುಗರಿಗೇ ಆಗಿಬರ್ತಿಲ್ಲ. ಈ ತಿಂಗಳು ಇಲ್ಲಿ ಇನ್ನೊಂದು ಸೋತ್ರೆ, ಅದನ್ನ ನೋಡ್ಕೊಳ್ಳೋಕೆ ಬೇರೆಯವರನ್ನ ಕರೆಸ್ತೀನಿ."

ನಮ್ಮ ಮಗಳು ಹುಟ್ಟುವ ಮೊದಲಿನಿಂದ ಆ ಟ್ರ್ಯಾಕಿನ ಮಣ್ಣು ನನ್ನ ಗಂಡನ ಕೈಯಲ್ಲಿದೆ. ಅದನ್ನು ಬಿಟ್ಟು ಅವನಿಗೆ ಬೇರೆ ಏನೂ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ತಪ್ಪು ಬಿಸಿಲಿನದು. ಈಸ್ಟರ್ ಆದಮೇಲೆ ಒಂದು ಹನಿ ಬಿದ್ದಿಲ್ಲ, ನೆಲ ಕಲ್ಲಾಗಿದೆ. ನಮ್ಮ ತಂಡದ ನಾಯಕ ಕೊರ್ನೆಲ್‌ಗೆ ಮೆತ್ತನೆ ಮಣ್ಣು ಬೇಕು, ಹಿಂದಿನ ಚಕ್ರ ಕಚ್ಚಬೇಕು. ಬ್ರೇಕಿಲ್ಲದ ಬೈಕು, ಎಡಕ್ಕೇ ತಿರುಗುವ ನಾಲ್ಕು ಸುತ್ತು... ಮಣ್ಣು ಬಿಟ್ಟರೆ ಆ ಮಕ್ಕಳಿಗೆ ಇನ್ನು ಯಾವುದು ಹಿಡಿತ.

ಮೇ 6

ಕವಲುದಾರಿಯ ದೇವಮಾತೆಯ ಗೂಡಿಗೆ ನೀಲಿ ರಿಬ್ಬನ್ ಕಟ್ಟಿದೆವು. ಮೇ ತಿಂಗಳ ಸಂಜೆ ಪ್ರಾರ್ಥನೆ ಹೇಳಿಸುವುದು ನಾನು. ಭಕ್ತಿ ಹೆಚ್ಚೆಂದಲ್ಲ, ಗಂಟಲು ದೊಡ್ಡದು.

ಅಣ್ಣ ವಾಲ್ದೆಕ್ ಬಂದಿದ್ದ. ಹೊಲದಲ್ಲಿ ಸಕ್ಕರೆ ಬೀಟು ಅಲ್ಲಲ್ಲಿ ಮಾತ್ರ ಮೊಳೆತಿದೆಯಂತೆ. ಮುಂದಿನ ವಾರ ಹೊಲದ ಶಿಲುಬೆಗಳಿಗೆ ಮೆರವಣಿಗೆ ಹೋಗಿ ಮಳೆ ಕೇಳೋಣ ಎಂದು ಫಾದರ್ ಹೇಳಿದ್ದಾರೆ. ಪಕ್ಕದ ಮನೆ ಸ್ತೆಫಾ ನನ್ನ ಪಕ್ಕೆಗೆ ತಿವಿದಳು: "ಲುತ್ಸಿನಾ, ನೀನು ಮಳೆ ಕೇಳಿದ್ರೆ, ಟ್ರ್ಯಾಕು ಕೆಸರಾಯ್ತು ಅಂತ ನಿನ್ ಗಂಡ ಮುನಿಸ್ಕೊಂಡು ಸೋಫಾ ಮೇಲೆ ಮಲಗ್ತಾನೆ ನೋಡು." ಅವನು ಈಗಲೂ ಅಲ್ಲೇ ಗೊರಕೆ ಹೊಡೆಯುವುದು ಎಂದೆ.

ಮೇ 10, ಭಾನುವಾರ

ಹೊರ ಊರಿನ ಪಂದ್ಯ. ಟಿವಿಯಲ್ಲಿ ನೋಡಿದೆವು. ಗೆದ್ದೆವು, 48–42. ಕೊರ್ನೆಲ್ ಒಮ್ಮೆ ಬಿದ್ದ — ನಾನು ಕಣ್ಣು ಮುಚ್ಚಿಕೊಂಡೆ — ಎದ್ದು, ಕೈ ಬೀಸಿ, ಕೊನೆಯ ಓಟದಲ್ಲಿ ಮೊದಲು ಬಂದ. ಝೆನೆಕ್ ಬೈಕು ನೋಡಲೇ ಇಲ್ಲ. "ಅವರ ಮಣ್ಣು ನೋಡೇ, ಕರಿ ಬ್ರೆಡ್ ಇದ್ದಂಗಿದೆ" ಎನ್ನುತ್ತಲೇ ಇದ್ದ. ಸೋಫಾ ತುಂಬ ಸೂರ್ಯಕಾಂತಿ ಬೀಜದ ಸಿಪ್ಪೆ. ಇವತ್ತು ಬೈಯಲಿಲ್ಲ.

ಮೇ 12

ಮೆರವಣಿಗೆ. ಕಾಲುಚೀಲದೊಳಗೆಲ್ಲ ಧೂಳು. ಹೊರಡುವಾಗ ಝೆನೆಕ್ ಗೇಟಿನ ತನಕ ಬಂದ. ಭಾನುವಾರ ನಮ್ಮಲ್ಲಿ ಪಂದ್ಯ. ಮಳೆ ಸೋಮವಾರ ಬೀಳಲಿ ಎಂದು ಕೇಳಬೇಕಂತೆ.

"ದೇವಮಾತೆಗೆ ನಾನು ರೈಲಿನ ಟೈಮ್‌ಟೇಬಲ್ ಕೊಡಲ್ಲ" ಎಂದೆ.

"ಕೊಡ್ಬೇಡ. ಸುಮ್ನೆ ಕಿವಿಗೆ ಹಾಕು."

ವಾಲ್ದೆಕನ ಹೊಲದ ಅಂಚಿನಲ್ಲಿ ನಿಂತು ಗಂಟಲು ಬಿಟ್ಟು ಹಾಡಿದೆ. ಅಣ್ಣನ ಮುಖ ನೋಡಿದ ಮೇಲೆ ಅರ್ಧ ಮನಸ್ಸಿನಿಂದ ಬೇಡಲು ಆಗಲಿಲ್ಲ. ಸೋಮವಾರದ ವಿಷಯ ಎತ್ತಲಿಲ್ಲ.

ಮೇ 16, ಶನಿವಾರ

ಬೆಳಗಿನಿಂದ ಟ್ರ್ಯಾಕಿಗೆ ನೀರು ಹೊಡೆದ. ಆಕಾಶ ಸ್ವಚ್ಛ. ಬುತ್ತಿ ಕೊಟ್ಟುಬರಲು ಹೋದಾಗ ಹಿಮ್ಮಡಿ ಊರಿ ತೋರಿಸಿದ. ಎಷ್ಟು ಬೇಕೋ ಅಷ್ಟೇ ಇಳಿಯಿತು. ಕೊರ್ನೆಲ್ ಕೂಡ ಬಂದು ಒತ್ತಿ ನೋಡಿ, ಅವನ ಬೆನ್ನು ತಟ್ಟಿದ. ಝೆನೆಕ್ ಮನೆಗೆ ಬಂದು ಎರಡು ಬಟ್ಟಲು ಸೂಪು ಕುಡಿದ.

ಮೇ 17, ಭಾನುವಾರ

ಪೂಜೆಯ ನಡುವೆ ಮಾಡಿನ ಮೇಲೆ ಸದ್ದು. ಎಲ್ಲರೂ ತಲೆ ಎತ್ತಿದರು. ವಾಲ್ದೆಕ್ ಟೋಪಿಯಿಂದ ಕಣ್ಣು ಒರೆಸಿಕೊಂಡ. ಝೆನೆಕ್ ಆಶೀರ್ವಾದಕ್ಕೂ ಕಾಯದೆ ಬೆಂಚಿನಿಂದ ಎದ್ದು ಹೋದ. ನಾನು ಸ್ತೋತ್ರ ಹೇಳಿದೆ, ಅದೇ ಉಸಿರಿನಲ್ಲಿ ಮಳೆ ಇನ್ನು ಸಾಕು ಎಂದೂ ಹೇಳಿದೆ.

ಎರಡು ತಾಸು ಸುರಿಯಿತು. ಕೆಳಗೆ ನಿನ್ನೆ ಇವನು ಹೊಡೆದ ನೀರು, ಮೇಲೆ ಇವತ್ತಿನ ಮಳೆ. ರೆಫರಿಯ ಬೂಟು ಮಣ್ಣಿನಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತಂತೆ. ಅತಿಯಾಗಿ ನೀರು ಹೊಡೆದದ್ದು ನಿಮ್ಮ ತಪ್ಪು, ಏಳು ಗಂಟೆಯೊಳಗೆ ಸರಿಯಾಗದಿದ್ದರೆ ಪಂದ್ಯ ಅವರಿಗೆ ಎಂದುಬಿಟ್ಟರು. ಅಂದರೆ ನಾವು ಸೋತ ಹಾಗೆ.

ಝೆನೆಕ್ ಫೋನು ಮಾಡಿದ. ಮೇಲಿನ ಕೆಸರು ಕೆರೆದು ಬೇಲಿಗೆ ತಳ್ಳಿದ್ದಾನೆ, ಇನ್ನು ಕಾರು ಓಡಿಸಿ ಒತ್ತಬೇಕು. ಕಾರು ಇದ್ದವರನ್ನೆಲ್ಲ ಕಳಿಸು ಎಂದ. ಮನೆ ಮನೆ ಬಾಗಿಲು ಬಡಿದೆ. ಸ್ಟೇಡಿಯಮ್ಮಿಗೆ ಎಲ್ಲರಿಗಿಂತ ಮೊದಲು ವಾಲ್ದೆಕ್ ಬಂದ, ಋಣ ತೀರಿಸುವವನ ಹಾಗೆ — ಟ್ರ್ಯಾಕ್ಟರಿನಲ್ಲಿ. ಝೆನೆಕ್ ಎರಡೂ ಕೈ ಚಾಚಿ ಅಡ್ಡ ನಿಂತ: "ತಿರುಗಿಸು ಭಾವ, ತಿರುಗಿಸು. ಆ ಹಲ್ಲಿನ ಟೈರು ಇಲ್ಲಿ ಇಡೋದೂ ಒಂದೇ, ನನ್ ಹೊಟ್ಟೆ ಮೇಲಿಡೋದೂ ಒಂದೇ."

ಆಮೇಲೆ ಕಾರುಗಳು. ಮುಂದೆ ಫಾದರ್, ಹಿಂದೆ ಔಷಧಿ ಅಂಗಡಿಯವರು, ಸ್ತೆಫಾಳ ಅಳಿಯ, ಬೇಕರಿ ವ್ಯಾನು. ಎಲ್ಲರೂ ಎಡಕ್ಕೆ, ಎಡಕ್ಕೆ. ನಾನು ವ್ಯಾನಿನಲ್ಲಿ ಕೂತಿದ್ದೆ. ಇಷ್ಟು ವರ್ಷಕ್ಕೆ ಮೊದಲ ಸಲ ಟ್ರ್ಯಾಕಿನ ಮೇಲೆ. ತಿರುವು ಇಷ್ಟು ಅಗಲ ಎಂದು ತಿಳಿದಿರಲಿಲ್ಲ. ಸಾಕು ಎಂದ ಮೇಲೂ ಫಾದರ್ ಎರಡು ಸುತ್ತು ಹೆಚ್ಚೇ ಹೊಡೆದರು.

ಏಳಕ್ಕೆ ಶುರುವಾಯಿತು. 45–45.

ಸೋತಿಲ್ಲವಲ್ಲ ಎಂದನಂತೆ ಝೆನೆಕ್. ಗೆದ್ದೂ ಇಲ್ಲ, ಮೂವತ್ತೊಂದಕ್ಕೆ ನೋಡೋಣ ಎಂದರಂತೆ ಗೊರಾಲ್ಸ್ಕಿ.

ಮೇ 24, ಪವಿತ್ರಾತ್ಮರ ಹಬ್ಬ

ಹೊರ ಊರಿನಲ್ಲಿ 36–54. ನುಚ್ಚುನೂರು. ಆದರೆ ಅಲ್ಲಿನ ಮಣ್ಣಿಗೆ ಝೆನೆಕ್ ಹೊಣೆಯಲ್ಲ.

ವಾಲ್ದೆಕ್ ಮೂಲಂಗಿ ತಂದುಕೊಟ್ಟ. ಬೀಟು ಸಾಲು ಹಿಡಿದಿದೆಯಂತೆ. ಝೆನೆಕ್ ಅವನಿಗೆ ವೋಡ್ಕಾ ಬಗ್ಗಿಸಿದ. ಇಬ್ಬರೂ ಮಣ್ಣಿನ ಮಾತೇ ಆಡಿದರು, ಒಬ್ಬ ಹೊಲದ್ದು, ಒಬ್ಬ ಟ್ರ್ಯಾಕಿನದು. ಯಾರದು ಯಾವುದು ಎಂದು ಕೊನೆಗೆ ನನಗೆ ತಿಳಿಯಲಿಲ್ಲ. ಹಿತವಾಗಿತ್ತು.

ಮೇ 31, ಭಾನುವಾರ, ಸಂಜೆ

ಮೇ ಪ್ರಾರ್ಥನೆಯ ಕೊನೆಯ ದಿನ. ಪಂದ್ಯಕ್ಕೆ ಬಾ ಎಂದ ಝೆನೆಕ್. ಹೋಗಲಿಲ್ಲ. ನೋಡುವ ಧೈರ್ಯ ಇಲ್ಲ.

ಗೂಡಿನ ಹತ್ತಿರ ನಿಂತರೆ ಹೊಲದಾಚೆಯಿಂದ ಎಲ್ಲ ಕೇಳುತ್ತದೆ. ನಮ್ಮವರು ಮುಂದಿದ್ದರೆ ಜನರ ಗದ್ದಲ. ಹಿಂದಿದ್ದರೆ ಬರೀ ಇಂಜಿನ್ನು. ಸ್ತೆಫಾ ತಲೆವಸ್ತ್ರದ ಕೆಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಕಂಡೂ ಕಾಣದ ಹಾಗೆ ಇದ್ದೆ. ನಾನು ದೇವಮಾತೆಯ ಒಂದೊಂದು ಹೆಸರು ಹೇಳುವುದು, ಹೆಂಗಸರು "ನಮಗಾಗಿ ಪ್ರಾರ್ಥಿಸು" ಎನ್ನುವುದು. ನಡುವೆ ಸ್ತೆಫಾ ಪಿಸುಗುಟ್ಟಿದಳು: "ನಲವತ್ತೆರಡು, ನಲವತ್ತೆರಡು. ಇದೊಂದೇ ಓಟ ಉಳಿದಿರೋದು."

ಮುಂದಿನ ಹೆಸರು ಹೇಳಿದೆ. ಉತ್ತರವಿಲ್ಲ. ಎಲ್ಲರ ಮುಖ ಹೊಲದ ಕಡೆ. ಇಂಜಿನ್ನು... ಬರೀ ಇಂಜಿನ್ನು. ನಾನೂ ಸುಮ್ಮನಾದೆ. ದೇವಮಾತೆ ಕಾದರು, ಅವರೂ ಕಿವಿಗೊಟ್ಟಿದ್ದರೆಂದು ನನಗೆ ಅನ್ನಿಸಿತು. ಪಾಪವಾದರೆ ಕ್ಷಮಿಸಲಿ.

ಆಮೇಲೆ ಗದ್ದಲ ಎದ್ದಿತು. ರಸ್ತೆಬದಿ ಮರದ ಕಾಗೆಗಳೆಲ್ಲ ಹಾರಿದವು.

"ಕೊರ್ನೆಲ್ ಮೊದಲು" ಎಂದಳು ಸ್ತೆಫಾ. "ನಮ್ಮ ಇನ್ನೊಬ್ಬ ಮೂರನೆಯವ. ನಲವತ್ತಾರು, ನಲವತ್ನಾಲ್ಕು." ಆಗ ಹೆಂಗಸರೆಲ್ಲ ಒಟ್ಟಿಗೆ, ತಡವಾಗಿ, ತಿಂಗಳಿಡೀ ಹೇಳದಷ್ಟು ಜೋರಾಗಿ: "ನಮಗಾಗಿ ಪ್ರಾರ್ಥಿಸು." ಉಳಿದ ಹೆಸರುಗಳನ್ನು ಒಂದೂ ಬಿಡದೆ ಹೇಳಿಸಿದೆ.

ಝೆನೆಕ್ ಈಗ ಬಂದ. ಬೂಟು ಬಿಚ್ಚದೆ ತೊಳೆದ ನೆಲದ ಮೇಲೆ ನಿಂತಿದ್ದಾನೆ. ಗೊರಾಲ್ಸ್ಕಿ ಏನಂದರು ಎಂದು ಕೇಳಿದೆ. ಶಾಭಾಸ್ ಅನ್ನಲಿಲ್ಲವಂತೆ, ಕೈಯನ್ನೂ ಕುಲುಕಲಿಲ್ಲವಂತೆ. ಕಾರು ಹತ್ತುವಾಗ ಗಾಜು ಇಳಿಸಿ, "ಮುಂದಿನ ವರ್ಷಕ್ಕೆ ಎಷ್ಟು ಲೋಡು ಮಣ್ಣು ಬೇಕು ಅಂತ ಬರೆದುಕೊಡಿ" ಎಂದರಂತೆ.

ಒಳಗಿಂದ ಕೂಗುತ್ತಿದ್ದಾನೆ, ಪೆನ್ನು ಎಲ್ಲಿ ಅಂತ. ನನ್ನ ಕೈಯಲ್ಲಿದೆ.