ಒಂದು ಕಾಲಿನ ಬೂಟು

ಅಮ್ಮಾ,

ನೀನು ಹೋಗಿ ವರ್ಷವಾಯಿತು. ಇದನ್ನು ಕಳಿಸಲು ವಿಳಾಸವಿಲ್ಲ, ಆದರೂ ಹೇಳದೆ ಇರಲಾರೆ.

ಬೆಳಗ್ಗೆ ಬೀದಿಯಲ್ಲಿ ಫೈರ್ ಎಂಜಿನ್ ಕೂಗಿತು. ಅಗ್ನಿಶಾಮಕ ದಳದಿಂದ ನಿವೃತ್ತರಾಗಿ ನಾಲ್ಕು ತಿಂಗಳಾದ ಅಪ್ಪ ಒಂದೇ ಕಾಲಿಗೆ ಬೂಟು ಸಿಕ್ಕಿಸಿಕೊಂಡು ಓಡಿದರು. ಉರಿಯುತ್ತಿದ್ದ ಅಂಗಡಿಯ ಮುಂದೆ, ಅವರೇ ಕೆಲಸ ಕಲಿಸಿದವನು ಅವರ ಕೈಯಿಂದ ಪೈಪು ಬಿಡಿಸಿಕೊಂಡ.

"ಸಾರ್, ಹಗ್ಗದ ಆಚೆ ನಿಂತ್ಕೊಳ್ಳಿ. ನನ್ನ ನೌಕರಿ ಹೋಗತ್ತೆ."

ನಿವೃತ್ತಿಯ ದಿನ ನಾನು, "ಗುಲಾಮಗಿರಿ ಮುಗೀತಪ್ಪಾ, ಇನ್ನಾದ್ರೂ ಮನುಷ್ಯರ ಹಾಗೆ ಬದುಕಿ" ಎಂದು ಭಾಷಣ ಬಿಗಿದಿದ್ದೆ.

ಈಗ ಅಪ್ಪ ಮನೆಯ ಮೆಟ್ಟಿಲ ಮೇಲೆ ಕೂತು, ಹಿಂದೆ ಒಲೆಗೆ ಎಸೆಯುತ್ತಿದ್ದ ನನ್ನ ಕಾರ್ಮಿಕ ಸಂಘದ ಕರಪತ್ರಗಳನ್ನು ಎತ್ತಿಕೊಂಡು, "ಹಂಚೋಕೆ ಜನ ಬೇಕೇನೋ? ಎಷ್ಟು ಗಂಟೆಗೆ ಬರ್ಲಿ?" ಎಂದು ಕೇಳಿದರು.

ಆರಕ್ಕೆ ಎಂದೆ. ಆ ಬೂಟು ಇನ್ನೂ ಅವರ ಕಾಲಲ್ಲೇ ಇದೆ, ಅಮ್ಮಾ. ಬಿಚ್ಚಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ.